ಹನ್ನೊಂದು ತೂತಿನ ಕಾರ್ಡು

ಪುಕ್ಕಟೆ ಸಿಗುತ್ತದೆ ಎಂದರೆ ನಾನು ಎರಡು ಮೈಲು ನಡೆದು ಹೋಗುವ ಆಸಾಮಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಓದುವವರಿಗೆ ನನ್ನ ಮೇಲೆ ಸಿಟ್ಟು ಬರುವುದು ಬೇಡ, ನಗು ಬಂದರೆ ಬರಲಿ.

ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಲ್ಲಿ ನೂಲಿಗೆ ಹಾಕುವ ಬಣ್ಣ ಮಾರುವ ಒಂದು ಕಂಪನಿಯ ಗೋದಾಮಿನಲ್ಲಿ ನಾನು ಗುಮಾಸ್ತನಾಗಿದ್ದೆ. ಕಿಟಕಿ ಇಲ್ಲದ ಗೋದಾಮು. ಸೀನಿದರೆ ಒಂದು ದಿನ ಹಳದಿ, ಒಂದು ದಿನ ನೀಲಿ. ಅಂಥದ್ದರಲ್ಲಿ ಮ್ಯಾನೇಜರರು ಕರೆದು, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತನ್ನು ಮೂರು ತಿಂಗಳ ಮಟ್ಟಿಗೆ ನನಗೆ ಕೊಟ್ಟು ನೋಡುವುದಾಗಿ ಹೇಳಿದರು. ಬನಹಟ್ಟಿಯಲ್ಲಿ ನೇಕಾರರಿಗೆಲ್ಲ ನೂಲು ಬಣ್ಣ ಮಾಡಿಕೊಡುವ ಒಂದು ದೊಡ್ಡ ಬಣ್ಣದ ಮನೆ ಇತ್ತು. ಅಲ್ಲಿ ನಮ್ಮ ಕೆಂಪು ಬಣ್ಣ ಕಾಲಿಟ್ಟರೆ ಸುತ್ತು ಕಾಯಂ ನನ್ನದು, ಇಲ್ಲದಿದ್ದರೆ ಮರಳಿ ಗೋದಾಮು.

ಅದರ ಜೊತೆಗೆ ಇನ್ನೊಂದು ಸೂಚನೆ ಕೊಟ್ಟರು. "ನಾಲ್ಕು ಊರಾಗ ಯಾವುದರ ಒಂದು ಲಾಡ್ಜ್ ಗಟ್ಟಿ ಮಾಡ್ಕೋರಿ. ಅದ ನಿಮ್ಮ ಮುಕ್ಕಾಂ. ಕಾಗದ, ಸ್ಯಾಂಪಲ್ ಪಾರ್ಸೆಲ್ ಎಲ್ಲಾ ಅಲ್ಲಿಗೇ ಕಳಸ್ತೇವಿ. ವಾರಕ್ಕೊಂದು ವಿಳಾಸ ಬದಲ ಮಾಡಿದ್ರ ನಾವು ನಿಮ್ಮನ್ನ ಹುಡುಕ್ಕೋತ ಕುಂಡ್ರಾಕ ಆಗಂಗಿಲ್ಲ."

ಹೀಗಾಗಿ ಮೊದಲ ಎರಡು ವಾರ ಬಣ್ಣ ಮಾರುವುದಕ್ಕಿಂತ ಮಲಗುವ ಜಾಗ ಹುಡುಕುವುದೇ ನನ್ನ ಕೆಲಸವಾಯಿತು. ಅದನ್ನು ಭಾರಿ ಶಿಸ್ತಿನಿಂದ ಮಾಡಿದೆ. ಒಂದು ನೋಟುಬುಕ್ಕಿನಲ್ಲಿ ಗೆರೆ ಹೊಡೆದು, ಬಸ್‌ಸ್ಟ್ಯಾಂಡಿಗೆ ಎಷ್ಟು ದೂರ, ಮೊದಲ ಬಸ್ಸು ಎಷ್ಟಕ್ಕೆ, ಸ್ಟೋವ್ ಹಚ್ಚಲು ಬಿಡುತ್ತಾರೋ ಇಲ್ಲವೋ, ನೂಲು ಒಣಹಾಕಲು ನೆರಳು ಇದೆಯೋ, ನೀರು ಹೇಗೆ ಎಂದು ಪ್ರತಿಯೊಂದಕ್ಕೂ ಅಂಕ ಕೊಡುತ್ತ ಹೋದೆ. ನನ್ನ ಕೆಲಸಕ್ಕೆ ಸ್ಟೋವ್ ಬೇಕೇಬೇಕು. ಬಣ್ಣದ ಪುಡಿಯ ಡಬ್ಬಿ ತೋರಿಸಿದರೆ ಯಾರೂ ಕೊಳ್ಳುವುದಿಲ್ಲ, ಸುತ್ತಿ ಕಟ್ಟಿದ ನೂಲಿನ ಲಡಿಯೊಂದನ್ನು ಬಣ್ಣ ಮಾಡಿ ತೋರಿಸಬೇಕು.

ಮುಧೋಳದ ಲಾಡ್ಜು ನೋಡಲು ಚೆಂದವಿತ್ತು. ಘಟಪ್ರಭೆಯ ನೀರು, ಬಿಳಿ ಹಾಸಿಗೆ, ಎಲ್ಲ ಸರಿ. ಆದರೆ ನನ್ನ ಚೀಲದಲ್ಲಿ ಪಂಪ್ ಸ್ಟೋವ್ ಕಂಡದ್ದೇ ತಡ, ಮ್ಯಾನೇಜರು ಕೈ ಅಡ್ಡ ಹಿಡಿದ. "ಅದನ್ನ ಹೊರಗಿಟ್ಟು ಬರ್ರಿ. ಇಲ್ಲಾಂದ್ರ ಅದರ ಜೋಡಿ ನೀವೂ ಹೊರಗ." ಬೀಳಗಿಯಲ್ಲಿ ಸರಕಾರಿ ಬಂಗಲೆ ಬಿಟ್ಟರೆ ನನಗೆ ಬೇರೆ ಜಾಗ ಸಿಗಲಿಲ್ಲ, ಅದಕ್ಕೆ ಸಾಹೇಬರ ಚೀಟಿ ಬೇಕು. ಬನಹಟ್ಟಿಯಲ್ಲಿ ಒಬ್ಬ ಅಕ್ಕನ ಖಾನಾವಳಿ ಇತ್ತು. ಮೇಲೆ ಎರಡು ಖೋಲಿ, ಕೆಳಗೆ ಊಟ. ಹೊರಗೆ ಬೋರ್ಡು ಕೂಡ ಇರಲಿಲ್ಲ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸುತ್ತ ಮಗ್ಗಗಳ ಓಣಿ, ಹಗಲೆಲ್ಲ ಖಟಖಟ. ಊಟಕ್ಕೆ ನೂರು ಅಂಕ, ಸದ್ದಿಗೆ ಸೊನ್ನೆ ಎಂದು ಬರೆದುಕೊಂಡೆ.

ಇನ್ನು ಜಮಖಂಡಿಯ ಲಾಡ್ಜು. ಅದರ ಮಾಲಕರು ನಿವೃತ್ತ ಬಸ್ ಕಂಡಕ್ಟರು. ಮೇಜಿನ ಮೇಲೆ ಟಿಕೀಟಿಗೆ ತೂತು ಹಾಕುವ ಹಳೆಯ ಪಂಚು ಇಟ್ಟುಕೊಂಡೇ ಕೂಡುತ್ತಿದ್ದರು. ನಾನು ಒಳಗೆ ಕಾಲಿಟ್ಟ ತಕ್ಷಣ ಗುಲಾಬಿ ಬಣ್ಣದ ಒಂದು ರಟ್ಟಿನ ಕಾರ್ಡು ಮುಂದೆ ಸರಿಸಿದರು. ಅದರಲ್ಲಿ ಹನ್ನೆರಡು ಮನೆ.

"ಇದು ಕಾಯಂ ಗಿರಾಕಿ ಕಾರ್ಡ್ ನೋಡ್ರಿ ಸಾಹೇಬ್ರ. ಒಂದ್ ರಾತ್ರಿಗೆ ಒಂದ್ ತೂತು. ಹನ್ನೆರಡ ಆದ್ವು ಅಂದ್ರ ಹದಿಮೂರನೇ ರಾತ್ರಿ ಪುಕ್ಕಟ. ಅದೂ ಒಂದನೇ ನಂಬರ್ ಖೋಲಿ, ಫ್ಯಾನ್ ಐತಿ, ಗಂಡ ಹೆಂಡತಿ ಇಬ್ಬರೂ ಇರಬಹುದು. ಮ್ಯಾಲ ಹೋಳಿಗಿ ಊಟ."

"ಸ್ಟೋವ್ ಹಚ್ಚಬಹುದೇನ್ರಿ?"

"ಮ್ಯಾಲ ಮಾಳಗಿ ಐತಿ, ಹಚ್ಕೋರಿ. ಒಂದ ಕಂಡೀಷನ್. ಎರಡ ತೂತಿನ ನಡುವ ಎಂಟ ದಿನಕ್ಕಿಂತ ಹೆಚ್ಚ ಅಂತರ ಬಿತ್ತಂದ್ರ ಕಾರ್ಡ್ ರದ್ದ. ರೂಲ್ ಅಂದ್ರ ರೂಲ್."

ಗಂಡ ಹೆಂಡತಿ ಎಂಬ ಮಾತು ನನ್ನನ್ನು ಕೆಡವಿತು. ಮದುವೆಯಾಗಿ ಆರು ತಿಂಗಳಾಗಿತ್ತು, ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಅವತ್ತೇ ಕಾಗದ ಬರೆದೆ. ಜಮಖಂಡಿಯಲ್ಲಿ ನಮಗೆ ಒಂದು ಫ್ಯಾನಿನ ಖೋಲಿ ಕಾದಿದೆ, ತಯಾರಾಗಿರು ಎಂದು. ನೋಟುಬುಕ್ಕಿನಲ್ಲಿ ಜಮಖಂಡಿಯ ಸಾಲಿಗೆ ಕಣ್ಣುಮುಚ್ಚಿ ಅಂಕ ಸುರಿದೆ. ನೀರು ಎಂಬ ಕಡೆ 'ಧಾರಾಳ' ಎಂದು ಬರೆದು ಪೂರ್ತಿ ಅಂಕ ಕೊಟ್ಟೆ. ಬೋರ್‌ವೆಲ್ಲಿನ ನೀರು, ನಲ್ಲಿ ತಿರುವಿದರೆ ದಬದಬ ಬೀಳುತ್ತಿತ್ತು. ಕಂಪನಿಗೆ ಅದನ್ನೇ ಮುಕ್ಕಾಮಿನ ವಿಳಾಸವೆಂದು ತಿಳಿಸಿದೆ.

ಅಲ್ಲಿಂದ ಮುಂದೆ ನನ್ನ ತಿರುಗಾಟವನ್ನು ಆಳಿದ್ದು ಕಂಪನಿಯಲ್ಲ, ಆ ಕಾರ್ಡು. ಹೊರಗೆ ಮಲಗಲು ಕಂಪನಿ ಭತ್ಯೆ ಕೊಡುತ್ತಿದ್ದುದು ವಾರಕ್ಕೆ ಒಂದೋ ಎರಡೋ ರಾತ್ರಿಗೆ, ಆ ರಾತ್ರಿಗಳನ್ನೆಲ್ಲ ಜಮಖಂಡಿಗೇ ಮೀಸಲಿಟ್ಟೆ. ಮುಧೋಳದಲ್ಲಿ ಸಂಜೆ ಒಬ್ಬ ವ್ಯಾಪಾರಿ, ನಾಳೆ ಮುಂಜಾನೆ ಬರ್ರಿ ಮಾತಾಡೋಣ ಎಂದರೆ, ಅಲ್ಲಿಯೇ ಉಳಿಯುವುದು ಬಿಟ್ಟು ಜಮಖಂಡಿಗೆ ಓಡಿ ಬರುತ್ತಿದ್ದೆ. ತೇರದಾಳಕ್ಕೆ ಹೋದರೂ ಅಷ್ಟೇ, ಸಾವಳಗಿಗೆ ಹೋದರೂ ಅಷ್ಟೇ. ಮಾಲಕರು ಪಂಚು ಎತ್ತಿ ಕಟಕ್ ಎನ್ನಿಸಿದಾಗ ನನಗೆ ಆಗುತ್ತಿದ್ದ ಖುಷಿ ಆರ್ಡರು ಸಿಕ್ಕಾಗಲೂ ಆಗುತ್ತಿರಲಿಲ್ಲ. ಬಿದ್ದ ಚೂರನ್ನು ಅವರು ಮೇಜಿನಿಂದ ಊದಿ ಹಾರಿಸುತ್ತಿದ್ದರು.

ಬನಹಟ್ಟಿಗೆ ಹೋದ ದಿನ ಮಧ್ಯಾಹ್ನದ ಊಟ ಮಾತ್ರ ಅಕ್ಕನ ಖಾನಾವಳಿಯಲ್ಲಿ. ಅಕ್ಕ ಪ್ರತಿ ಸಲವೂ ಕೇಳುತ್ತಿದ್ದರು, "ಇವತ್ತರ ಇರತೀರೇನ್ರಿ, ಮತ್ತ ಓಡತೀರೋ?" ನಾನು ಕಾರ್ಡು ತೆಗೆದು ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು ತೂತುಗಳೊಳಗಿಂದ ನನ್ನನ್ನು ನೋಡಿದರು.

"ಅಯ್ಯ ಶಿವನ! ಬಸ್ಸಿಗಿ ಹತ್ತಿದ್ರ ತೂತ ಹಾಕ್ತಾರ, ಖರೆ. ಮಲಗಾಕೂ ತೂತ ಹಾಕಿಸ್ಕೋಬೇಕೇನ್ರೀ?"

ನಾನು ಇನ್ನೊಂದು ರೊಟ್ಟಿ ಕೇಳಿದೆ.

ಈಗ ಬಣ್ಣದ ಮನೆಯ ವಿಷಯ. ಅದರ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಮಾತು ಕಡಿಮೆ. ಬಣ್ಣ ಮಾರಲು ಬಂದವನ ಡಬ್ಬಿಯನ್ನು ಅವರು ಮುಟ್ಟುತ್ತಿರಲಿಲ್ಲ. ಅವನೇ ತನ್ನ ಕೈಯಿಂದ ಒಂದು ಲಡಿ ಬಣ್ಣ ಮಾಡಿ ತರಬೇಕು. ತಂದಾಗ ಅವರು ಮೊದಲು ನೋಡುತ್ತಿದ್ದುದು ಲಡಿಯನ್ನಲ್ಲ, ಅವನ ಕೈಯನ್ನು. ಉಗುರಿನ ಸಂದಿಯಲ್ಲಿ ಬಣ್ಣ ಇರದಿದ್ದರೆ, "ಮಾಡಿದಾವನ್ನ ಕಳಸ್ರಿ" ಎಂದು ವಾಪಸು ಕಳಿಸಿಬಿಡುತ್ತಿದ್ದರು.

ಕೈ ನೋಡಿದ ಮೇಲೆ ಗಂಜಿಯ ಪರೀಕ್ಷೆ. ಮಗ್ಗಕ್ಕೆ ಏರುವ ಮೊದಲು ಹಾಸಿನ, ಎಂದರೆ ಉದ್ದೆಳೆಯ, ನೂಲಿಗೆ ಗಂಜಿ ಹಾಕುತ್ತಾರಲ್ಲ, ಅದೇ ಬಿಸಿ ಗಂಜಿಯಲ್ಲಿ ಒಂದು ಕೆಂಪು ಎಳೆ, ಒಂದು ಬಿಳಿ ಎಳೆ ಸೇರಿಸಿ ಹೊಸೆದು ಮುಳುಗಿಸಿಡುವರು. ಮರುದಿನ ತೊಳೆದು ಬಿಡಿಸಿ ನೋಡುವರು. ಬಿಳಿ ಎಳೆ ಬಿಳಿಯಾಗಿಯೇ ಉಳಿದಿದ್ದರೆ ಬಣ್ಣ ಪಕ್ಕಾ. ಕೆಂಪು ದಡಿ, ಬಿಳಿ ಒಡಲಿನ ಸೀರೆ ನೇಯುವ ಊರಿಗೆ ಇದಕ್ಕಿಂತ ಸರಿಯಾದ ಪರೀಕ್ಷೆ ಇನ್ನೊಂದಿಲ್ಲ.

ನಮ್ಮ ಕೆಂಪು ಎರಡು ನೀರಿನ ಬಣ್ಣ. ಮೊದಲ ಪುಡಿಯನ್ನು ಎಣ್ಣೆಯಲ್ಲಿ ಮಿದ್ದು, ಕಾಸ್ಟಿಕ್ ಸೋಡಾ ಹಾಕಿ, ಬಿಸಿ ನೀರು ಹೊಯ್ದು ತಿಳಿಯಾಗುವವರೆಗೆ ಕಲಕಬೇಕು. ಅದರಲ್ಲಿ ಲಡಿ ಅದ್ದಿದರೆ ನೂಲು ಬರೀ ಹಳದಿ ಆಗುತ್ತದೆ. ಚೆನ್ನಾಗಿ ಹಿಂಡಿ, ಎರಡನೆಯ ಪುಡಿ ಕರಗಿಸಿದ ತಣ್ಣೀರಿನಲ್ಲಿ ಅದ್ದಬೇಕು. ಆಗ ನೋಡನೋಡುತ್ತ ಕಣ್ಣೆದುರಿಗೇ ಕೆಂಪಾಗುತ್ತದೆ. ಎಷ್ಟು ಸಲ ಮಾಡಿದರೂ ಆ ಗಳಿಗೆ ನನಗೆ ಹೊಸದೇ. ಕೊನೆಗೆ ಸಾಬೂನು ನೀರಿನಲ್ಲಿ ಕುದಿಸಿ, ನೂಲಿನ ಮೇಲೆ ಸುಮ್ಮನೆ ಅಂಟಿಕೊಂಡ ಬಣ್ಣವನ್ನು ತೆಗೆಯಬೇಕು. ಈ ಕೊನೆಯ ಕುದಿ ಸರಿಯಾಗದಿದ್ದರೆ ಮುಂದೆ ಬಿಳಿಗೆ ಹತ್ತುತ್ತದೆ.

ಮೊದಲ ಲಡಿಯನ್ನು ಲಾಡ್ಜಿನ ಮಾಳಿಗೆಯ ಮೇಲೆ ಮಾಡಿದೆ. ಮೊದಲ ನೀರು ಯಾಕೋ ತಿಳಿಯಾಗಲಿಲ್ಲ, ಮಜ್ಜಿಗೆಯ ಹಾಗೆ ಬಗ್ಗಡವಾಯಿತು. ಪುಡಿ ಸರಿಯಾಗಿ ಮಿದ್ದಿಲ್ಲ ಎಂದುಕೊಂಡು ಇನ್ನಷ್ಟು ಕಾಸ್ಟಿಕ್ ಸುರಿದೆ. ಬಣ್ಣವೇನೋ ಭರ್ಜರಿ ಬಂತು. ಯಜಮಾನರು ಕೈ ನೋಡಿ ತಲೆಯಾಡಿಸಿದರು, ಲಡಿ ನೋಡಿ ಹ್ಞೂಂ ಎಂದರು. ಮರುದಿನ ಗಂಜಿಯಿಂದ ತೆಗೆದರೆ ಬಿಳಿ ಎಳೆ ಕುಂಕುಮದ ನೀರಿನಲ್ಲಿ ಮಿಂದಂತಿತ್ತು.

"ಬಣ್ಣ ಛಲೋ ಐತಿ ತಮ್ಮಾ. ಆದ್ರ ನಿಂದರಂಗಿಲ್ಲ."

ಎರಡನೆಯ ಸಲ ಎರಡು ಪಟ್ಟು ಸಾಬೂನು ಹಾಕಿ ಕುದಿಸಿದೆ. ನೊರೆ ಏಳಲಿಲ್ಲ, ಮೇಲೆ ಬಿಳಿಯ ಕೆನೆಯಂಥದ್ದು ತೇಲಿತು. ಸಾಬೂನೇ ಕಳಪೆ ಎಂದು ಬೈದುಕೊಂಡೆ. ಗಂಜಿಯಲ್ಲಿ ಬಿಳಿ ಎಳೆ ಮತ್ತೆ ಗುಲಾಬಿ. ಸಿಟ್ಟು ನೆತ್ತಿಗೇರಿ ಕಂಪನಿಗೆ ಉದ್ದನೆಯ ಕಾಗದ ಬರೆದೆ, ನೀವು ಕಳಿಸಿದ ಪುಡಿಯಲ್ಲೇ ದೋಷವಿದೆ ಎಂದು. ಹುಬ್ಬಳ್ಳಿಯಲ್ಲಿ ಅದೇ ಡಬ್ಬಿಯ ಪುಡಿಯಿಂದ ಮಾಡಿದ ಲಡಿಯೊಂದನ್ನು ಅವರು ಪಾರ್ಸೆಲ್ ಮಾಡಿದರು. ಜೊತೆಗೆ ಎರಡೇ ಸಾಲಿನ ಚೀಟಿ: ಪುಡಿ ಸರಿ ಇದೆ, ಮಾಡುವ ಕೈ ನೋಡಿಕೊಳ್ಳಿ, ತಿಂಗಳ ಕೊನೆಗೆ ಗಡುವು ಮುಗಿಯುತ್ತದೆ. ಅದನ್ನು ಓದಿ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಯಜಮಾನರ ಮುಂದೆ ಕೈಮುಗಿದು ನಿಂತೆ. ಇನ್ನೊಂದೇ ಅವಕಾಶ ಕೇಳಿದೆ. ಅವರು ಕ್ಯಾಲೆಂಡರಿನ ಕಡೆ ನೋಡಿದರು.

"ಅಮಾಸಿ ದಿವಸ ಮಗ್ಗ ನಿಂತಿರತಾವು. ಮರದಿವಸ ಪಾಡ್ಯ, ಹೊಸಾ ಹಾಸ ಏರಸ್ತೇವಿ. ಯಾವ ಕೆಂಪು ಅನ್ನೂದು ಅಮಾಸಿ ಮುಂಜಾನಿ ಗಟ್ಟಿ ಆಕ್ಕೈತಿ. ಒಮ್ಮಿ ಗಟ್ಟಿ ಆದಮ್ಯಾಲ ಲಗ್ನದ ಸುಗ್ಗಿ ಮುಗಿಯೂತನಕ ಬದಲ ಇಲ್ಲ. ಹಿಂದಿನ ದಿವಸ ಹೊತ್ತು ಮುಳುಗೂದರೊಳಗ ಲಡಿ ತಗೊಂಬಾ. ಅಮಾಸಿಗೆ ನಮ್ಮ ಮನ್ಯಾಗ ಗಂಜಿ ಕಾಸೂದಿಲ್ಲ."

ಆ ಹಿಂದಿನ ದಿವಸ ಬಂತು. ಕಾರ್ಡಿನಲ್ಲಿ ಆಗ ಹನ್ನೊಂದು ತೂತು. ನಡುವೆ ಮನೆಗೆ ಹೋಗಿ, ಹಿಂದಿನ ರಾತ್ರಿಯಷ್ಟೇ ತಿರುಗಿ ಬಂದಿದ್ದೆ. ತಡವಾಗಿ ಬಂದು ಕೊನೆಯ ಬಸ್ಸು ತಪ್ಪಿದ್ದರಿಂದ ಮುಧೋಳದಲ್ಲಿ ಮಲಗಬೇಕಾಗಿತ್ತು, ಹಾಗಾಗಿ ತೂತಿಲ್ಲ. ಎಣಿಸಿದರೆ ಅವತ್ತು ಸರಿಯಾಗಿ ಎಂಟನೆಯ ದಿನ. ಆ ರಾತ್ರಿ ಜಮಖಂಡಿಯಲ್ಲಿ ಮಲಗಿದರೆ ಹನ್ನೆರಡನೆಯ ತೂತು, ಮಲಗದಿದ್ದರೆ ಕಾರ್ಡು ರದ್ದು. ಹೆಂಡತಿ ಊರಲ್ಲಿ ಸೀರೆ ಇಸ್ತ್ರಿ ಮಾಡಿಸಿಟ್ಟುಕೊಂಡೇ ಕೂತಿದ್ದಳು.

ಮುಂಜಾನೆ ಮೊದಲ ಬಸ್ಸಿಗೆ ಜಮಖಂಡಿಗೆ ಬಂದು, ಮಾಳಿಗೆಯ ಮೇಲೆ ಮೂರನೆಯ ಲಡಿ ಮಾಡಿದೆ. ಮೊದಲ ನೀರು ಮತ್ತೆ ಬಗ್ಗಡ. ಹಸಿ ಲಡಿಯನ್ನೇ ಚೀಲಕ್ಕೆ ಹಾಕಿಕೊಂಡು ಬನಹಟ್ಟಿಗೆ ಹೋದೆ. ಸಂಜೆ ಆರರ ಕೊನೆಯ ಬಸ್ಸಿಗೆ ತಿರುಗಿ ಬರುವುದು, ರಾತ್ರಿ ತೂತು ಹಾಕಿಸುವುದು, ಇದು ಲೆಕ್ಕಾಚಾರ. ಬನಹಟ್ಟಿ ಮುಟ್ಟಿದಾಗ ಊಟದ ಹೊತ್ತು. ಅಕ್ಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಬ್ಯಾಳಿ ಬಡಿಸಿದರು. ಬಾಯಿಗೆ ರುಚಿ ಹತ್ತಿತು.

"ನಿಮ್ಮ ಬ್ಯಾಳಿ ಬೆಣ್ಣಿ ಹಂಗ ಆಗಿರತೈತಿ ನೋಡ್ರಿ ಅಕ್ಕಾರ," ಎಂದೆ. "ನಮ್ಮ ಲಾಡ್ಜಿನಾಗ ಯಾವಾಗಲೂ ಕಲ್ಲು ತಿಂದಂಗ. ತಾಸಗಟ್ಟಲೆ ಕುದಸ್ತಾರ, ಮೆತ್ತಗ ಆಗೂದೇ ಇಲ್ಲ."

"ಅಲ್ಲೆ ಬೋರಿನ ನೀರೇನ್ರಿ?"

"ಹೌದ್ರಿ. ಧಾರಾಳ ಐತಿ."

"ಧಾರಾಳ ಇದ್ರ ಏನ್ ಬಂತ್ರಿ? ಸವಳ ನೀರಾಗ ಬ್ಯಾಳಿ ಬೇಯತಾವೇನು? ನಮ್ಮ ಹಿತ್ತಲದಾಗೂ ಬೋರ್ ಐತಿ. ಅದು ಭಾಂಡೆ ತಿಕ್ಕಾಕ ಅಷ್ಟ. ಬ್ಯಾಳಿಗೆ ನಾ ಆಚೀ ಓಣಿ ಬಾವಿ ಸಿಹಿನೀರು ತರತೇನಿ, ದಿನಾ ಎರಡ ಕೊಡಾ ಹೊತಗೊಂಡು."

ಬ್ಯಾಳಿಯಲ್ಲಿ ಅದ್ದಿದ ರೊಟ್ಟಿಯ ತುಂಡು ನನ್ನ ಕೈಯಲ್ಲೇ ಉಳಿಯಿತು. ಬಗ್ಗಡವಾದ ಮೊದಲ ನೀರು, ನೊರೆ ಏಳದ ಸಾಬೂನು, ಮೇಲೆ ತೇಲಿದ ಕೆನೆ ಎಲ್ಲವೂ ಒಮ್ಮೆಗೇ ನೆನಪಾದವು. ಸವಳು ನೀರಿನಲ್ಲಿ ನಮ್ಮ ಬಣ್ಣ ಒಡೆಯುತ್ತದೆ. ಇದನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಟ್ಟಿದ್ದರು. ಹುಬ್ಬಳ್ಳಿಯ ಪರೀಕ್ಷೆಯ ಖೋಲಿಯಲ್ಲಿ ಮೆದು ನೀರು ನಲ್ಲಿಯಲ್ಲೇ ಬರುತ್ತಿದ್ದರಿಂದ ಆ ಪಾಠ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗಿತ್ತು. ಬಣ್ಣ ಮಾರುವವನಾಗಿ ಎರಡು ವಾರ ಲಾಡ್ಜು ಹುಡುಕಿದೆ, ಬಸ್ಸಿನ ವೇಳೆ ಬರೆದುಕೊಂಡೆ, ಫ್ಯಾನು ನೋಡಿದೆ. ನೀರು ಎಷ್ಟಿದೆ ಎಂದು ನೋಡಿದೆನೇ ಹೊರತು ಎಂಥದ್ದು ಎಂದು ನೋಡಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಊಟದ ತಾಟನ್ನು ಅಲ್ಲೇ ಬಿಟ್ಟು ಎದ್ದೆ. ಎರಡು ಗಾಜಿನ ಲೋಟ ಇಸಿದುಕೊಂಡು, ಒಂದರಲ್ಲಿ ಹಿತ್ತಲಿನ ಬೋರಿನ ನೀರು, ಒಂದರಲ್ಲಿ ಬಾವಿಯ ನೀರು ಹಾಕಿ, ಎರಡಕ್ಕೂ ಒಂದೊಂದು ಚೂರು ಸಾಬೂನು ಹೆರೆದು ಹಾಕಿ ಕಲಕಿದೆ. ಬೋರಿನ ಲೋಟದಲ್ಲಿ ಅದೇ ನನ್ನ ಹಳೆಯ ಪರಿಚಯದ ಕೆನೆ. ಬಾವಿಯ ಲೋಟದಲ್ಲಿ ನೊರೆ ಉಕ್ಕಿ ನನ್ನ ಬೆರಳಿನ ಮೇಲೆ ಬಂತು.

"ಏನ್ರೀ ಸಾಹೇಬ್ರ, ಊಟಾ ಬಿಟ್ಟು ಸಾಬಾಣ ಕುಡ್ಯಾಕತ್ತೀರೇನು?" ಎಂದರು ಅಕ್ಕ.

ಆಗ ಮಧ್ಯಾಹ್ನ ಎರಡು ಗಂಟೆ. ಚೀಲದಲ್ಲಿ ಮೂರನೆಯ ಲಡಿ ಇತ್ತು. ಅದನ್ನೇ ಕೊಟ್ಟು, ದೇವರ ಮೇಲೆ ಭಾರ ಹಾಕಿ, ಬಸ್ಸು ಹತ್ತಬಹುದಿತ್ತು. ಹೊಸದಾಗಿ ಮಾಡಲು ಕೂತರೆ ನೂಲನ್ನು ಬೇಯಿಸುವುದರಿಂದ ಹಿಡಿದು ಕೊನೆಯ ಸಾಬೂನಿನ ಕುದಿಯವರೆಗೆ ನಾಲ್ಕು ತಾಸಿಗೆ ಕಡಿಮೆಯಿಲ್ಲ, ಮೇಲೆ ಯಜಮಾನರ ಮನೆಗೆ ಒಯ್ಯಬೇಕು. ಆರರ ಬಸ್ಸು ಸಿಗುವ ಮಾತೇ ಇರಲಿಲ್ಲ. ಕಾರ್ಡನ್ನು ಕಿಸೆಯಿಂದ ತೆಗೆದು ಒಮ್ಮೆ ನೋಡಿದೆ. ಮತ್ತೆ ಕಿಸೆಗೆ ಹಾಕಿ, "ಅಕ್ಕಾರ, ಹಿತ್ತಲದಾಗ ಒಂದೀಟು ಜಾಗಾ ಕೊಡ್ರಿ. ನಿಮ್ಮ ಬ್ಯಾಳಿ ನೀರೂ ಬೇಕಾಗೇತಿ," ಎಂದೆ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕರಾರು ಹಾಕಿದರು. "ಅಡಗಿ ಭಾಂಡೆ ಮುಟ್ಟಬಾರದು. ಬೇಕಾದ್ರ ಹಳೀ ತಗಡಿನ ಬಕೆಟ್ ಅದಾವು, ತಗೋರಿ. ನೀರು ನೀವ ಹೊತಗೊಂಬರ್ರಿ. ಮತ್ತ ನನ್ನ ಅರಬಿ ಒಗಿಯೂ ಕಲ್ಲಿಗೆ ಬಣ್ಣ ಹತ್ತಿಸಿದ್ರಿ ಅಂದ್ರ ನೋಡ್ರಿ!"

ಆಚೆ ಓಣಿಯ ಬಾವಿಯಿಂದ ನಾನು ಕೊಡ ಹೊತ್ತುಕೊಂಡು ಬರುವುದನ್ನು ನೋಡಿ ಮಗ್ಗದ ಮನೆಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಪ್ಯಾಂಟು ಮೊಣಕಾಲವರೆಗೆ ತೊಯ್ದಿತ್ತು. ಸ್ಟೋವ್, ಪುಡಿಯ ಡಬ್ಬಿ, ನೂಲು ಎಲ್ಲ ಯಾವಾಗಲೂ ನನ್ನ ಚೀಲದಲ್ಲೇ ಇರುತ್ತಿದ್ದವು. ಬಿಳಿ ನೂಲನ್ನು ಬೇಯಿಸಿ ತೊಳೆದೆ. ಪುಡಿ ಮಿದ್ದು, ಕಾಸ್ಟಿಕ್ ಹಾಕಿ, ಬಿಸಿ ನೀರು ಹೊಯ್ದೆ. ಕಲಕಿದರೆ ಕಾಸಿದ ತುಪ್ಪದ ಹಾಗೆ ತಿಳಿ. ಬಕೆಟ್ಟಿನ ತಳ ಕಾಣುತ್ತಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಅದನ್ನು ನೋಡಿದೆ.

ಎರಡನೆಯ ನೀರು ತಣ್ಣಗಿರಬೇಕು. ಅಕ್ಕ ಗೊಣಗುತ್ತಲೇ ಮರಳಿನಲ್ಲಿ ಹುಗಿದಿಟ್ಟ ಹರವಿಯಿಂದ ಕುಡಿಯುವ ನೀರು ತೋಡಿ ಕೊಟ್ಟರು. ಹಿಂಡಿದ ಹಳದಿ ಲಡಿಯನ್ನು ಅದರಲ್ಲಿ ಇಳಿಸಿದೆ. ಅಕ್ಕ ಬಗ್ಗಿ ನೋಡುತ್ತಿದ್ದರು. ಲಡಿ ಅವರ ಕಣ್ಣೆದುರಿಗೇ ಕೆಂಪಾಯಿತು.

"ಅಯ್ಯಯ್ಯ! ಇದೇನ್ರೀ ಇದು, ಮಾಟಾ ಮಾಡಿದಂಗ!" ಎಂದು ಹಿಂದೆ ಸರಿದರು. ಅವರ ಮೊಣಕೈ ಬಡಿದು ಮೊದಲ ನೀರಿನ ಬಕೆಟ್ಟು ಒಗೆಯುವ ಕಲ್ಲಿನ ಮೇಲೆ ಉರುಳಿತು. ಅದರ ಮೇಲೆಯೇ ನನ್ನ ಕೈಯ ಲಡಿಯಿಂದ ಎರಡನೆಯ ನೀರೂ ಸೋರಿತು. ಅಂಗೈ ಅಗಲದ ಜಾಗ ನೋಡನೋಡುತ್ತ ಕೆಂಪಾಯಿತು. ಬೇಡವೆಂದ ಜಾಗದಲ್ಲೇ ಹತ್ತಿತು, ಅದೂ ಅವರ ಕೈಯಿಂದಲೇ.

ಸಾಬೂನಿನ ನೀರಿನಲ್ಲಿ ಲಡಿ ಕುದಿಯುತ್ತಿರುವಾಗ ರಸ್ತೆಯ ಕಡೆಯಿಂದ ಜಮಖಂಡಿ ಬಸ್ಸಿನ ಹಾರ್ನು ಕೇಳಿಸಿತು. ಅಕ್ಕ ಒಳಗಿನಿಂದ ಬಂದರು.

"ನಿಮ್ಮ ಬಸ್ ಬಂತ್ರಿ. ತೂತಿನ ಗತಿ?"

ಲಡಿಯನ್ನು ಆಗಲೇ ಎತ್ತಿ ಹಿಂಡಿದರೆ ಓಡಿ ಹೋಗಿ ಹಿಡಿಯಬಹುದಿತ್ತು. ಇನ್ನೂ ಕಾಲು ತಾಸಿನ ಕುದಿ ಬಾಕಿ ಇತ್ತು. ಫ್ಯಾನಿನ ಖೋಲಿ, ಹೋಳಿಗೆ, ಇಸ್ತ್ರಿ ಮಾಡಿಸಿದ ಸೀರೆ ಎಲ್ಲ ಕಣ್ಣಮುಂದೆ ಬಂದವು. ಆದರೂ ಕೋಲಿನಿಂದ ಲಡಿ ತಿರುವುವುದನ್ನು ನಿಲ್ಲಿಸಲಿಲ್ಲ. "ಹೋಗ್ಲಿ ಬಿಡ್ರಿ ಅಕ್ಕಾರ," ಎಂದೆ.

"ಮ್ಯಾಲಿನ ಖೋಲಿ ಕಸಾ ಹೊಡಿತೇನಿ ಹಂಗಾದ್ರ," ಎಂದು ಅವರು ಪೊರಕೆ ತೆಗೆದುಕೊಂಡು ಹೋದರು.

ಹೊತ್ತು ಮುಳುಗಲು ಇನ್ನೇನು ಸ್ವಲ್ಪ ಇತ್ತು. ಯಜಮಾನರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಕೈ ಚಾಚಿದೆ. ಮೊಣಕೈವರೆಗೆ ಕೆಂಪಾಗಿತ್ತು. "ಇದೇನು, ಈ ಸಲಾ ನೀನೂ ಮುಳುಗೀಯೇನು?" ಎಂದು ಅವರು ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಬೆಳಿಗ್ಗೆಯ ಲಡಿಯನ್ನೂ ತೆಗೆದು ಜೊತೆಗೆ ಇಟ್ಟೆ. ಯಾವ ನೀರಿನಲ್ಲಿ ಯಾವುದನ್ನು ಮಾಡಿದೆ ಎಂದು ಇದ್ದದ್ದು ಇದ್ದಂತೆ ಹೇಳಿ, ಎರಡನ್ನೂ ಗಂಜಿಗೆ ಹಾಕಿರಿ ಎಂದೆ. ಅವರು ಎರಡು ಮಡಿಕೆ ತರಿಸಿದರು.

ಅಮಾವಾಸ್ಯೆಯ ಮುಂಜಾನೆ ಎಚ್ಚರವಾದಾಗ ಏನೋ ಕಳೆದುಹೋದಂತಾಯಿತು. ಆಮೇಲೆ ತಿಳಿಯಿತು, ಮಗ್ಗಗಳು ನಿಂತಿದ್ದವು. ಇಡೀ ಓಣಿ ಸುಮ್ಮನಿತ್ತು, ಗುಬ್ಬಿಗಳ ಸದ್ದು ಬಿಟ್ಟರೆ ಬೇರೆ ಇಲ್ಲ. ಚಹಾ ಕುಡಿಯಲೂ ಮನಸ್ಸಾಗಲಿಲ್ಲ. ನೇರ ಬಣ್ಣದ ಮನೆಗೆ ನಡೆದೆ.

ಯಜಮಾನರು ಮೊದಲ ಮಡಿಕೆಯ ಎಳೆಗಳನ್ನು ತೊಳೆದು ಬಿಡಿಸಿದರು. ಬಿಳಿ ಎಳೆ ಗುಲಾಬಿಯಾಗಿತ್ತು. ಎರಡನೆಯದನ್ನು ತೊಳೆದು, ಕಣ್ಣ ಹತ್ತಿರ ಹಿಡಿದು, ಅಂಗಳದ ಬಿಸಿಲಿಗೆ ನಡೆದು ಹೋಗಿ ನೋಡಿದರು. ನಾನು ಹಿಂದೆಯೇ ಹೋದೆ. ಕೆಂಪು ಎಳೆ ಕೆಂಪು, ಬಿಳಿ ಎಳೆ ಬಿಳಿ. ಅವರು ಆ ಬಿಳಿ ಎಳೆಯನ್ನು ನನ್ನ ಕೆಂಪು ಅಂಗೈಯಲ್ಲಿಟ್ಟರು.

"ನೀ ಆ ಕೆಟ್ಟ ಲಡಿ ತೋರಸದ ಇದ್ದಿದ್ರ, ಇದನ್ನ ನಾ ನಂಬತಿರಲಿಲ್ಲ. ನಮ್ಮದೂ ಬಾವಿ ನೀರ ಐತಿ. ಪಾಡ್ಯಕ್ಕ ಏರಸೋಣ ತಗೋ."

ನಾನು ಅವರ ಕಾಲು ಮುಟ್ಟಿದೆ.

ಜಮಖಂಡಿಗೆ ಹೋಗಿ ಲಾಡ್ಜಿನ ಮಾಲಕರ ಮುಂದೆ ಕಾರ್ಡು ಇಟ್ಟೆ. ಬೆರಳು ಮಡಚಿ ದಿನ ಎಣಿಸಿದರು. ಒಂಬತ್ತು. ಪಂಚು ಮುಟ್ಟಲಿಲ್ಲ. "ರೂಲ್ ಅಂದ್ರ ರೂಲ್ರಿ ಸಾಹೇಬ್ರ. ನಿಮಗ ಬಿಟ್ರ ನಾಳಿ ಎಲ್ಲಾರೂ ಕೇಳತಾರ." ಮುಖದಲ್ಲಿ ನಿಜವಾದ ಬೇಸರವಿತ್ತು. ನಾನು ಏನೂ ಬೇಡಿಕೊಳ್ಳಲಿಲ್ಲ, ಇನ್ನು ಮುಂದೆ ಮುಕ್ಕಾಂ ಬದಲಾಯಿಸುತ್ತೇನೆ ಎಂದು ಮಾತ್ರ ಹೇಳಿ, ನೀರಿನ ಕತೆಯನ್ನೂ ಹೇಳಿದೆ. ಅವರು ಒಳಗಿನ ಅಡಿಗೆಯವನ ಕಡೆ ತಿರುಗಿ ಕೂಗಿದರು.

"ಲೇ, ನಿನಗ ಬ್ಯಾಳಿ ಕುದಸಾಕ ಬರಂಗಿಲ್ಲಂತ ಎರಡ ವರ್ಷದಿಂದ ಬೈಯಾಕತ್ತೇನಲ್ಲೋ! ನೀರಿಂದಂತೋ ತಪ್ಪು!"

ಕಂಪನಿಗೆ ಹೊಸ ವಿಳಾಸ ಬರೆದು ಹಾಕಿದೆ. ಬೋರ್ಡು ಇಲ್ಲದ ಮನೆಗೆ ಹೇಗೆ ವಿಳಾಸ ಬರೆಯುವುದೆಂದು ತಿಳಿಯದೆ, 'ಮಗ್ಗದ ಓಣಿಯ ಅಕ್ಕನ ಖಾನಾವಳಿ' ಎಂದೇ ಬರೆದೆ. ಹೆಂಡತಿಗೂ ಕಾಗದ ಹಾಕಿದೆ. ಫ್ಯಾನಿನ ಖೋಲಿ ತಪ್ಪಿತು, ಬಂದರೆ ಮಗ್ಗದ ಸದ್ದಿನ ಖೋಲಿ ಇದೆ ಎಂದು.

ಹದಿನೈದು ದಿನದ ಮೇಲೆ ಇಬ್ಬರೂ ಬನಹಟ್ಟಿಗೆ ಹೋದೆವು. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಮೊದಲು ಅವಳ ಕೈ ಹಿಡಿದು ಒಳಗೆ ಕರೆದೊಯ್ದರು. ಆಮೇಲೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಕೈಹಾಕಿ ಒಂದು ಲಕೋಟೆ ತೆಗೆದರು. "ನಿಮ್ಮ ಹೆಸರಿಗೆ ಬಂದೇತ್ರಿ. ಇಲಿ ಕಡದೀತಂತ ಇದರಾಗ ಇಟ್ಟಿದ್ದೆ." ಹಿಟ್ಟು ಜಾಡಿಸಿ ಓದಿದೆ. ಸುತ್ತು ಕಾಯಂ ನನ್ನದು ಎಂದು ಮ್ಯಾನೇಜರರು ಬರೆದಿದ್ದರು. ಗೋದಾಮಿನ ನನ್ನ ಕುರ್ಚಿಗೆ ಬೇರೆಯವನನ್ನು ತೆಗೆದುಕೊಂಡಿದ್ದರು. ಹೆಂಡತಿ ಎರಡು ಸಲ ಓದಿಸಿಕೊಂಡಳು.

ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಆ ಅಂಗೈಯಗಲದ ಕೆಂಪು ಹಾಗೆಯೇ ಇತ್ತು. ನನ್ನ ಹಿಂದೆ ಅಕ್ಕ ಬಂದು ನಿಂತರು.

"ದಿನಾ ತಿಕ್ಕಾಕತ್ತೇನ್ರಿ. ಬೂದಿ ಹಚ್ಚೇನಿ, ಸೋಡಾ ಹಚ್ಚೇನಿ. ಜಪ್ಪಯ್ಯ ಅಂದ್ರೂ ಹೋಗವಲ್ದು. ಬಿಳೀ ಧೋತರ ಒಗದ್ರೂ ಅದಕ್ಕ ಒಂದೀಟೂ ಹತ್ತಂಗಿಲ್ಲ ನೋಡ್ರಿ."

ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. "ತಪ್ಪಾತ್ರಿ ಅಕ್ಕಾರ. ಹೊಸಾ ಕಲ್ಲು ತರಸಿ ಹಾಕಸ್ತೇನಿ," ಎಂದೆ.

ಅವರು ಕೊಡ ಎತ್ತಿ ಕಲ್ಲಿನ ಮೇಲೆ ನೀರು ಸುರಿದರು. ಕೆಂಪು ತೊಯ್ದು ಇನ್ನಷ್ಟು ಹೊಳೆಯಿತು.

"ಬ್ಯಾಡ್ರಿ, ಇರ್ಲಿ. ನೀವು ಬರೂದು ಬಿಟ್ಟಮ್ಯಾಲ ಬದಲ ಮಾಡಿದ್ರಾತು."

ಆ ಸುತ್ತಿನಲ್ಲಿ ನಾನು ಹನ್ನೆರಡು ವರ್ಷ ತಿರುಗಿದೆ. ಕಲ್ಲು ಬದಲಾಗಲಿಲ್ಲ.